ಸಭೆಯಲ್ಲಿ ಸೇವಕನಾಗಿ ಮುಂದಾಳತ್ವ: ನನ್ನ ಅನುಭವ

ಕ್ರೈಸ್ತ ಸಭೆಯೊಂದರ ಸಭಾಪಾಲಕನಾಗಿ ಹೊಣೆ ವಹಿಸಿಕೊಂಡಾಗ, ದೇವಾಲಯವನ್ನು ಶುಚಿ ಮಾಡುವವರ ಸರದಿಪಟ್ಟಿಯಲ್ಲಿ ಮೊದಲು ನನ್ನ ಹೆಸರನ್ನು ಬರೆದೆ. ಮಂದೆಯ ಮೇಲೆ, ಅಂದರೆ ಸಭೆಯ ಜನರ ಮೇಲೆ, ದೊರೆತನ ಮಾಡದೆ ಅದಕ್ಕೆ ಮಾದರಿಯಾಗಿರಬೇಕೆಂದು ಯೇಸುವಿನ ಶಿಷ್ಯನಾದ ಪೇತ್ರನು ಬೈಬಲಿನಲ್ಲಿರುವ ತನ್ನ ಮೊದಲನೆಯ ಪತ್ರದ 5ನೆಯ ಅಧ್ಯಾಯದಲ್ಲಿ ಸಭೆಯನ್ನು ನಡೆಸುವ ಹಿರಿಯರಿಗೆ ಬುದ್ಧಿ ಹೇಳಿದ್ದಾನೆ. ಆ ಮಾತಿನ ಮೇಲೆ ಪ್ರಸಂಗ ಮಾಡುವ ಮೊದಲು ಶೌಚಾಲಯ ತೊಳೆಯುವ ಸರದಿ ನನಗೂ ಬರಬೇಕೆಂದು ನಿಶ್ಚಯಿಸಿದ್ದೆ.

ಸರದಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಮುಂದಾಳು ಎಂದೋ ಒಮ್ಮೆ ಪೊರಕೆ ಹಿಡಿದರೆ ಜನ ಹೊಗಳುತ್ತಾರೆ. ಪ್ರತಿ ಸರದಿಯಲ್ಲೂ ಹಿಡಿದರೆ ಸ್ವಲ್ಪ ಕಾಲದಲ್ಲಿ ಯಾರೂ ಗಮನಿಸುವುದಿಲ್ಲ, ಮತ್ತು ಯಾರೂ ಗಮನಿಸದ ಆ ಸ್ಥಿತಿಯೇ ನನಗೆ ಬೇಕಾಗಿತ್ತು. 6ನೆಯ ಶತಮಾನದ ಸಂತ ಬೆನೆಡಿಕ್ಟರು ತಮ್ಮ ನಿಯಮಾವಳಿಯ 35ನೆಯ ಅಧ್ಯಾಯದಲ್ಲಿ ಮಠದ ಸಹೋದರರು ವಾರದ ಸರದಿಯಂತೆ ಅಡುಗೆಮನೆಯಲ್ಲಿ ಪರಸ್ಪರ ಸೇವೆ ಮಾಡಬೇಕೆಂದೂ, ವಾರ ಮುಗಿಸುವವನೂ ಹೊಸದಾಗಿ ಆರಂಭಿಸುವವನೂ ಸೇರಿ ಎಲ್ಲರ ಪಾದಗಳನ್ನು ತೊಳೆಯಬೇಕೆಂದೂ ವಿಧಿಸಿದರು. ದೀನತೆ ಒಬ್ಬನ ಮನಸ್ಸಿನ ಹದವನ್ನು ನಂಬಿ ಕೂರದೆ ದಿನಚರಿಯಲ್ಲಿ ಸೇರಿಕೊಳ್ಳಬೇಕೆಂಬ ಅವರ ವಿವೇಕವನ್ನು ನಾನು ಬಹಳವಾಗಿ ಗೌರವಿಸುತ್ತೇನೆ.

ಆದರೆ ಕೆಳಗಿನ ಕೆಲಸ ಮಾಡುವವನು ಅಧಿಕಾರವನ್ನೇ ಬಿಟ್ಟುಕೊಡಬೇಕೆಂದು ಕೆಲವರು ಭಾವಿಸುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಯೇಸು ಮೇಲಂಗಿಯನ್ನು ತೆಗೆದಿಟ್ಟು, ಕೈಪಾವುಡವನ್ನು ನಡುವಿಗೆ ಕಟ್ಟಿಕೊಂಡು, ಶಿಷ್ಯರ ಪಾದಗಳನ್ನು ತೊಳೆದ ಬಳಿಕ, ಅವರು ತನ್ನನ್ನು ಗುರುವೆಂದೂ ಕರ್ತನೆಂದೂ ಕರೆಯುವುದು ಸರಿಯೆಂದೇ ಹೇಳುತ್ತಾನೆ. ಆದ್ದರಿಂದ ಹಿರಿಯರ ಕೂಟದಲ್ಲಿ ಎಲ್ಲರ ಮಾತನ್ನೂ ಕೇಳಿ ಕೊನೆಯಲ್ಲಿ ಮಾತಾಡುತ್ತೇನೆ, ತೀರ್ಮಾನಿಸುವ ಹೊಣೆ ನನ್ನದಾಗಿರುವಲ್ಲಿ ಅದರಿಂದ ಜಾರಿಕೊಳ್ಳುವುದಿಲ್ಲ. ಅದೇ ರಾತ್ರಿ, ಯೇಸುವನ್ನು ಹಿಡಿದುಕೊಟ್ಟ ಶಿಷ್ಯನಾದ ಯೂದನ ಪಾದಗಳೂ ತೊಳೆಯಲ್ಪಟ್ಟವು ಎಂಬುದನ್ನು ನೆನೆದು, ಕೂಟದಲ್ಲಿ ನನ್ನನ್ನು ಗಟ್ಟಿಯಾಗಿ ವಿರೋಧಿಸಿದವರ ಮನೆಯಲ್ಲಿ ಕಾಯಿಲೆಯೆಂದು ತಿಳಿದರೆ ತಡಮಾಡದೆ ಹೋಗುತ್ತೇನೆ.

ಹಾಸಿಗೆ ಹಿಡಿದಿದ್ದ ಹಿರಿಯರೊಬ್ಬರ ಕಾಲುಗುರುಗಳು ದಪ್ಪಗಾಗಿ ಬೆರಳಿಗೆ ಒತ್ತುತ್ತಿದ್ದವು. ಪ್ರಾರ್ಥನೆಯ ನಂತರ ಬೋಗುಣಿಯಲ್ಲಿ ಬೆಚ್ಚಗಿನ ನೀರು ತರಿಸಿ, ಉಗುರು ಮೆತ್ತಗಾಗುವವರೆಗೆ ಪಾದಗಳನ್ನು ನೆನೆಸಿ, ಬೆರಳುಸಂದಿಗಳನ್ನು ಒರೆಸಿ, ಮೂಲೆಗಳನ್ನು ಕೊರೆಯದೆ ನೇರವಾಗಿ ಸ್ವಲ್ಪಸ್ವಲ್ಪವೇ ಕತ್ತರಿಸಿದೆ. “ಬೇಡಿ ಅಯ್ಯನವರೇ, ನೀವು ನನ್ನ ಕಾಲು ಹಿಡಿಯಬಾರದು” ಎಂದು ಅವರು ಪಾದ ಹಿಂದಕ್ಕೆಳೆದುಕೊಂಡಾಗ ಯೇಸು ತನ್ನ ಪಾದ ತೊಳೆಯಲು ಬಂದಾಗ ಮೊದಲು ಬೇಡವೆಂದ ಪೇತ್ರನ ಸಂಕೋಚ ನನಗೆ ಅರ್ಥವಾಯಿತು. ಸೇವೆ ಪಡೆಯುವುದಕ್ಕೂ ದೀನತೆ ಬೇಕು. ನಾನು ಜ್ವರದಲ್ಲಿ ಮಲಗಿದ್ದಾಗ ಸಭೆಯ ಯುವಕರು ಬಂದು ಪಾತ್ರೆ ತೊಳೆದುಕೊಟ್ಟರು, ನಾನು ಬೇಡವೆನ್ನಲಿಲ್ಲ.

ಆ ಹಿರಿಯರ ಮನೆಗೆ ಒಬ್ಬ ಯುವಕನನ್ನೂ ಕರೆದೊಯ್ದಿದ್ದೆ. ಮುಂದಿನ ಭೇಟಿಯಲ್ಲಿ ಬೋಗುಣಿಯನ್ನು ಅವನೇ ತಂದಿಟ್ಟನು. ಬೈಬಲಿನ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದ 6ನೆಯ ಅಧ್ಯಾಯದಲ್ಲಿ ವಿಧವೆಯರಿಗೆ ದಿನನಿತ್ಯದ ಆಹಾರ ಹಂಚುವ ಕೆಲಸಕ್ಕೂ ಪವಿತ್ರಾತ್ಮಭರಿತರೂ ಜ್ಞಾನಸಂಪನ್ನರೂ ಆದ 7 ಮಂದಿಯನ್ನು ಆರಿಸಲಾಯಿತು. ನಮ್ಮಲ್ಲಿಯೂ ಯಾರನ್ನಾದರೂ ಹಿರಿಯರನ್ನಾಗಿ ಸೂಚಿಸುವ ಮೊದಲು ಅವರನ್ನು ಇಂಥ ಮನೆಗಳಿಗೆ ಬಹುಕಾಲ ಕರೆದೊಯ್ಯುತ್ತೇವೆ. ಆ ರೋಗಿಗಳ ಅಭಿಪ್ರಾಯವನ್ನು ಕೇಳಿದ ಮೇಲೆಯೇ ಹೆಸರನ್ನು ಸಭೆಯ ಮುಂದಿಡುತ್ತೇವೆ.