ಚಾಕೊಲೇಟ್ ರುಚಿ ನೋಡುವಾಗ ತಣ್ಣೀರಿನ ಬದಲು ಉಗುರುಬೆಚ್ಚಗಿನ ನೀರು

ಕೈಯಿಂದ ಚಾಕೊಲೇಟ್ ತಯಾರಿಸುವ ಸಣ್ಣ ಕಾರ್ಯಾಗಾರಕ್ಕೋ ಅದರ ಮಳಿಗೆಗೋ ಹೋಗುವವರು ಉಗುರುಬೆಚ್ಚಗಿನ ನೀರನ್ನು ಬಾಟಲಿಯಲ್ಲಿ ಒಯ್ದು, ಒಂದು ಮಾದರಿಗೂ ಇನ್ನೊಂದಕ್ಕೂ ನಡುವೆ ಒಂದೆರಡು ಗುಟುಕು ಅದನ್ನೇ ಕುಡಿಯಿರಿ. ಅಲ್ಲಿ ತಣ್ಣೀರು ಕೊಟ್ಟರೂ ಆ ಹೊತ್ತಿಗೆ ಬದಿಗಿಡಿ. ಚಾಕೊಲೇಟಿನಲ್ಲಿರುವ ಕೋಕೋ ಬೆಣ್ಣೆ, ಅಂದರೆ ಕೋಕೋ ಬೀಜದ ಕೊಬ್ಬು, ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಮೈಯ ಬಿಸಿಗಿಂತ ತುಸು ಕಡಿಮೆಯಲ್ಲಿಯೇ ಕರಗುತ್ತದೆ; ತಣ್ಣೀರು ತಾಗಿದರೆ ನಾಲಿಗೆಯ ಮೇಲೆ ಉಳಿದ ಅದರ ಜಿಡ್ಡು ಗಟ್ಟಿಯಾಗಿ ಅಂಟಿಕೊಂಡು ಹಿಂದಿನ ತುಂಡಿನ ರುಚಿ ಮುಂದಿನದರೊಂದಿಗೆ ಬೆರೆಯುತ್ತದೆ, ಬಾಯಿ ತಂಪಾಗಿರುವುದರಿಂದ ಹೊಸ ತುಂಡೂ ತಡವಾಗಿ ಕರಗುತ್ತದೆ. ಸಿಹಿ ಹೆಚ್ಚಿರುವ ಹಾಲಿನ ಚಾಕೊಲೇಟನ್ನು ಮೊದಲು ತಿಂದರೆ ಕಪ್ಪು ಚಾಕೊಲೇಟ್ ಇರುವುದಕ್ಕಿಂತ ಕಹಿಯೆನಿಸುವುದರಿಂದ, ಕೋಕೋ ಪ್ರಮಾಣ ಹೆಚ್ಚಿರುವುದರಿಂದ ಕಡಿಮೆಯಿರುವುದರ ಕಡೆಗೆ ಸಾಗುವುದು ಮೇಲು. ಕೋಕೋ ಪ್ರಮಾಣ ಒಂದೇ ಇರುವ, ಆದರೆ ಬೇರೆ ಬೇರೆ ತೋಟಗಳ ಬೀಜದಿಂದ ಮಾಡಿದ ಎರಡು ಚಾಕೊಲೇಟ್ ಪಟ್ಟಿಗಳಿದ್ದರೆ ಅವನ್ನು ಒಂದರ ಹಿಂದೊಂದರಂತೆ ಕೇಳಿ ಪಡೆಯಿರಿ, ನನ್ನ ಮಟ್ಟಿಗೆ ಇಂಥ ಭೇಟಿಯ ನಿಜವಾದ ಲಾಭವೇ ಅದು. ಮೆಣಸಿನಕಾಯಿ ಅಥವಾ ಪುದೀನ ಬೆರೆಸಿದ ಚಾಕೊಲೇಟಿನ ಮುಂದೆ ಬೆಚ್ಚಗಿನ ನೀರಿನ ಈ ಉಪಾಯ ನಡೆಯುವುದಿಲ್ಲ, ಆ ಖಾರವಾಗಲಿ ಆ ತಂಪಾಗಲಿ ನೀರು ಕುಡಿದರೆ ಹೋಗುವಂಥವಲ್ಲವಾದ್ದರಿಂದ ಅವುಗಳನ್ನು ಕೊನೆಗೆ ಉಳಿಸಿಕೊಳ್ಳಬೇಕು. ಫ್ರಿಜ್‌ನಿಂದ ಆಗತಾನೆ ತೆಗೆದ ತುಂಡಿಗೂ ನೀರಿನಿಂದ ಪ್ರಯೋಜನವಿಲ್ಲ. ಅದು ಕೋಣೆಯ ಉಷ್ಣತೆಗೆ ಬರುವವರೆಗೆ ಕಾಯುವುದೊಂದೇ ದಾರಿ. ಇನ್ನು ಬೀಜ ಹುರಿಯುವ ಕೋಣೆಯಲ್ಲಿ ಬಹಳ ಹೊತ್ತು ನಿಂತವರ ಮೂಗು ಆ ಘಮಕ್ಕೆ ಒಗ್ಗಿಹೋಗಿ ಸೂಕ್ಷ್ಮ ಪರಿಮಳಗಳನ್ನು ಗುರುತಿಸಲಾರದು, ಆದಕಾರಣ ಸಾಧ್ಯವಿದ್ದಲ್ಲಿ ರುಚಿ ನೋಡುವುದನ್ನು ಮುಗಿಸಿಕೊಂಡೇ ಒಳಗೆ ಹೋಗಿ.