ಫುಲ್ ಟ್ಯಾಂಕ್ ಮಾಡಿಸಿದಾಗ ಮಾತ್ರ ಬರುವ ಪೆಟ್ರೋಲ್ ವಾಸನೆ

ಗಾಡಿಯೊಳಗೆ ಪೆಟ್ರೋಲ್ ವಾಸನೆ ಅಂತ ಯಾರಾದರೂ ಗ್ಯಾರೇಜಿಗೆ ಬಂದರೆ ನಾನು ಮೊದಲು ಬಾನೆಟ್ ಎತ್ತುವುದಿಲ್ಲ, ವಾಸನೆ ಯಾವಾಗ ಬರುತ್ತದೆ ಅಂತ ಕೇಳುತ್ತೇನೆ. ಬೆಳಿಗ್ಗೆ ಮೊದಲ ಸ್ಟಾರ್ಟಿಗೆ ಬಂದು ಇಂಜಿನ್ ಬಿಸಿಯಾದ ಮೇಲೆ ಹೋದರೆ ಇಂಜಿನಿಗೆ ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರಿನ ಓ-ರಿಂಗ್, ಅಂದರೆ ರಬ್ಬರ್ ಬಳೆಯ ಮೇಲೆ ಅನುಮಾನ. ವಯಸ್ಸಾದ ರಬ್ಬರ್ ಚಳಿಗೆ ಕುಗ್ಗಿ ಜಿನುಗುತ್ತದೆ, ಬಿಸಿಗೆ ಮತ್ತೆ ಕೂತುಕೊಳ್ಳುತ್ತದೆ. ಗಾಡಿ ನಿಂತಾಗ, ಅದರಲ್ಲೂ ಹೊರಗಿನ ಗಾಳಿ ಒಳಗೆ ಬಿಟ್ಟುಕೊಂಡಾಗ ಬಂದರೆ ಲೀಕು ಮುಂಭಾಗದಲ್ಲಿದೆ. ಮುಂದಿನ ಗಾಜಿನ ಬುಡದ ಜಾಲರಿ ಅದನ್ನು ಎಳೆದುಕೊಳ್ಳುತ್ತಿರುತ್ತದೆ. ಟ್ಯಾಂಕ್ ತುಂಬಿಸಿದಾಗ ಮಾತ್ರ ಬಂದು, ಅರ್ಧಕ್ಕಿಳಿದ ಮೇಲೆ ತಾನಾಗಿಯೇ ನಿಂತರೆ? ಆಗ ನೋಡಬೇಕಾದ್ದು ಟ್ಯಾಂಕಿನ ತಲೆಯನ್ನು.

ನಮ್ಮ ತೀರ್ಥಹಳ್ಳಿಯ ಮೇಷ್ಟ್ರೊಬ್ಬರ ಹಳೇ ಪೆಟ್ರೋಲ್ ಗಾಡಿಯದ್ದು ಇದೇ ಕೇಸು. ಮಗಳು ಮಣಿಪಾಲದಲ್ಲಿ ಓದುತ್ತಿದ್ದಾಳೆ. "ಉಡುಪೀಲಿ ಫುಲ್ ಟ್ಯಾಂಕ್ ಮಾಡಿಸ್ಕೊಂಡು ಬರ್ತೀನಿ ಮಾರಾಯ, ಸೋಮೇಶ್ವರ ದಾಟಿ ಘಾಟಿ ಹತ್ತೋಕೆ ಶುರು ಮಾಡಿದ್ರೆ ಹಿಂದೆ ಕೂತವರಿಗೆ ತಲೆನೋವು. ಮುಂದೆ ನಂಗೇನೂ ಗೊತ್ತಾಗಲ್ಲ" ಅಂದರು. ಬೇರೆ ಕಡೆ ತೋರಿಸಿ ಇಂಜೆಕ್ಟರ್ ರಿಂಗ್ ಎಲ್ಲ ಹೊಸದು ಹಾಕಿಸಿದ್ದರು. ಡ್ಯಾಶ್‌ಬೋರ್ಡಿನ ಮೇಲೆ ಮಲ್ಲಿಗೆ ಪರಿಮಳದ ಡಬ್ಬಿ ಬೇರೆ.

ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಗಾಡಿಯ ಮೂತಿ ಮೇಲಿರುತ್ತದೆ, ಟ್ಯಾಂಕಿನ ಪೆಟ್ರೋಲೆಲ್ಲ ಹಿಂದಕ್ಕೆ ವಾಲುತ್ತದೆ. ಹಾಗಾಗಿ ನನ್ನ ಲೆಕ್ಕ ಸಲೀಸಾಯಿತು: ಟ್ಯಾಂಕಿನ ಮೇಲ್ಭಾಗ, ಅದರಲ್ಲೂ ಹಿಂದಿನ ಅಂಚು.

ಬೆಳಿಗ್ಗೆಯಿಂದ ಗ್ಯಾರೇಜಲ್ಲಿರುವ ನನ್ನ ಮೂಗಿಗೆ ಬೆಲೆಯಿಲ್ಲ. ವಾಸನೆಗೆ ಒಗ್ಗಿಹೋಗಿರುತ್ತದೆ. ಆಗಷ್ಟೇ ಮನೆಯಿಂದ ಬಂದ ನಮ್ಮ ಹುಡುಗನಿಗೆ ಒಂದೊಂದೇ ಜಾಗ ಮೂಸಲು ಹೇಳಿದೆ. ಬಾನೆಟ್ ಹತ್ತಿರ ಏನಿಲ್ಲ, ಪೆಟ್ರೋಲ್ ಹಾಕುವ ಮುಚ್ಚಳದ ಹತ್ತಿರವೂ ಇಲ್ಲ. ಹಿಂದಿನ ಸೀಟಿನ ಸಂದಿಗೆ ಬಗ್ಗಿದವನು "ಇಲ್ಲೇ ಅಣ್ಣ" ಅಂತ ಮುಖ ತಿರುಗಿಸಿಕೊಂಡ.

ಕೈ ಹಾಕುವ ಮೊದಲು ಗಾಡಿಯನ್ನು ಶೆಡ್ಡಿನಿಂದ ಬಯಲಿಗೆ ತಳ್ಳಿದೆವು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಹೊರಗೆ ಹೋಗುವ ಬದಲು ನೆಲದಲ್ಲೇ ಹರಡಿ ಪಿಟ್ಟಿನೊಳಗೆ ತುಂಬಿಕೊಳ್ಳುತ್ತದೆ. ಗಾಳಿಯಲ್ಲಿ ಶೇಕಡಾ 1.4ರಷ್ಟು ಸೇರಿದರೂ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತು ಇಂಜಿನ್ ಸ್ಟಾರ್ಟ್ ಮಾಡಿ, ತಾನೇ ಆಫ್ ಆಗುವವರೆಗೆ ಬಿಟ್ಟೆ. ಇಲ್ಲದಿದ್ದರೆ ಪೈಪಿನಲ್ಲಿ ಮೂರು ಬಾರ್ ಆಸುಪಾಸು ಒತ್ತಡ ಉಳಿದಿರುತ್ತದೆ, ಬಿಚ್ಚಿದವನ ಮುಖಕ್ಕೇ ಚಿಮ್ಮುತ್ತದೆ. ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿದೆ. ವೈರಿಗೆ ನೇತುಹಾಕುವ ಬಲ್ಬು ಹತ್ತಿರ ತರಲು ಬಿಡಲಿಲ್ಲ.

ಸೀಟಿನ ಕುಶನ್ ಎತ್ತಿದರೆ ಕೆಳಗೆ ತಗಡಿನ ಮುಚ್ಚಳ. ಅದನ್ನು ಹಿಂದೆ ಯಾರೋ ಬಿಚ್ಚಿದ್ದಾರೆ, ಸುತ್ತಲಿನ ಮೇಣದಂಥ ಸೀಲರ್ ಕಿತ್ತುಹೋಗಿದ್ದು ಹಾಗೇ ಇದೆ. ಆವಿ ಒಳಗೆ ಬರುತ್ತಿದ್ದ ದಾರಿ ಅದೇ. ಮುಚ್ಚಳ ತೆಗೆದಾಗ ಪಂಪಿನ ತಲೆಯ ಮೇಲೆ ನಮ್ಮ ಮಲೆನಾಡಿನ ಕೆಂಧೂಳು ಒಂದು ಪದರ ಕೂತಿತ್ತು. ಹಿಂದಿನ ಅಂಚಿನಲ್ಲಿ ಮಾತ್ರ, ಉಗುರಿನ ಆಕಾರದಲ್ಲಿ, ಧೂಳು ತೊಳೆದುಹೋಗಿ ಕಪ್ಪು ಪ್ಲಾಸ್ಟಿಕ್ ಹೊಳೆಯುತ್ತಿತ್ತು. ಪೆಟ್ರೋಲ್ ಆರಿಹೋಗುತ್ತದೆ, ಹರಿದ ಗುರುತು ಉಳಿಯುತ್ತದೆ. ಗಟ್ಟಿ ಮಾಡಿಕೊಳ್ಳಲು ಅಲ್ಲಿ ಒರೆಸಿ ಟಾಲ್ಕಮ್ ಪೌಡರ್ ಉದುರಿಸಿ, ಹುಡುಗರಿಂದ ಹಿಂಭಾಗ ಜಗ್ಗಿಸಿ ಕುಲುಕಿಸಿದೆ. ಬಿಳಿ ಪುಡಿಯ ಮೇಲೆ ಅದೇ ಜಾಗದಲ್ಲಿ ಒದ್ದೆ ಗೆರೆ ಮೂಡಿತು.

ಟ್ಯಾಂಕಿನ ಪೆಟ್ರೋಲನ್ನು ಹ್ಯಾಂಡ್ ಪಂಪಿನಿಂದ ಕ್ಯಾನಿಗೆ ಇಳಿಸಿ, ಪಂಪನ್ನು ಟ್ಯಾಂಕಿಗೆ ಬಿಗಿದಿಡುವ ಲಾಕ್ ರಿಂಗನ್ನು ಮರದ ತುಂಡಿನಿಂದ ತಟ್ಟಿ ತಿರುಗಿಸಿದೆ. ಕಬ್ಬಿಣದ ಉಳಿ ಬೇಡ, ಕಿಡಿ ಹಾರುತ್ತದೆ. ಒಳಗಿನ ರಬ್ಬರ್ ವಾಷರ್ ಹಿಂಭಾಗದಲ್ಲಿ ಮಡಚಿಕೊಂಡು ಜಜ್ಜಿಹೋಗಿತ್ತು. ಆಗಿದ್ದು ಇಷ್ಟೇ: ಪಂಪೋ ಫಿಲ್ಟರೋ ಬದಲಿಸಿದವರು ಹಳೇ ವಾಷರನ್ನೇ ವಾಪಸ್ ಹಾಕಿದ್ದಾರೆ. ಪೆಟ್ರೋಲ್ ಕುಡಿದ ರಬ್ಬರ್ ಉಬ್ಬಿ ದೊಡ್ಡದಾಗಿರುತ್ತದೆ, ತನ್ನ ಕೊರಕಲಿನಲ್ಲಿ ಕೂರುವುದಿಲ್ಲ. ಒತ್ತಿ ಬಿಗಿದರೆ ಒಂದು ಕಡೆ ಮಡಚಿಕೊಳ್ಳಲೇಬೇಕು. ಮೇಷ್ಟ್ರು "ಈಗ ಬರೋ ಇ20 ಪೆಟ್ರೋಲಿಂದ ಆಯ್ತಾ?" ಅಂತ ಕೇಳಿದರು. ಇ20ಯಲ್ಲಿ ಬೆರೆಸಿರುವ ಎಥನಾಲ್ ಹಳೇ ರಬ್ಬರಿಗೆ ಒಳ್ಳೆಯದಲ್ಲ ಅನ್ನುವುದು ನಿಜ, ಆದರೆ ಇಲ್ಲಿ ಕೈಕೆಲಸದ ತಪ್ಪು ಕಣ್ಣೆದುರಿಗೇ ಇರುವಾಗ ಎಥನಾಲನ್ನು ಯಾಕೆ ಬೈಯಲಿ? ಹೊಸ ಕಂಪನಿ ವಾಷರ್ ಹಾಕಿ, ಸುತ್ತಲೂ ಬೆರಳಾಡಿಸಿ ಸರಿಯಾಗಿ ಕೂತಿದೆಯಾ ನೋಡಿ, ಬಿಗಿದೆ. ಸಿಲಿಕೋನ್ ಪೇಸ್ಟ್ ಬಳಿಯಲಿಲ್ಲ. ಪೆಟ್ರೋಲಿಗೆ ಅದು ಎದ್ದುಬರುತ್ತದೆ, ಚೂರುಗಳು ಪಂಪಿನ ಜಾಲರಿಗೆ ಹೋಗುತ್ತವೆ. ತಗಡಿನ ಮುಚ್ಚಳಕ್ಕೂ ಹೊಸ ಸೀಲರ್ ಹಾಕಿದೆ. ಸೀಟಿನಡಿಯ ಫೆಲ್ಟ್ ವಾಸನೆ ಹೀರಿಕೊಂಡಿದ್ದರಿಂದ ಬಿಸಿಲಿಗೆ ಹರವಿದೆ. ಅದನ್ನು ಒಣಗಿಸದಿದ್ದರೆ ರಿಪೇರಿಯೇ ಆಗಿಲ್ಲವೆಂದು ಗಿರಾಕಿ ವಾಪಸ್ ಬರುತ್ತಾನೆ.

ಆದರೂ ಮೇಷ್ಟ್ರ ಫೋನ್ ಬಂತು. "ಗಾಡಿ ಒಳಗೆ ಏನೂ ಇಲ್ಲ. ಬೆಳಿಗ್ಗೆ ಶೆಡ್ ಬಾಗಿಲು ತೆಗೆದ್ರೆ ಸ್ವಲ್ಪ ಬರುತ್ತಲ್ಲೋ?"

ಅದು ಬೇರೆಯದೇ ಕಥೆ. ಟ್ಯಾಂಕಿನ ಆವಿ ಹೊರಗೆ ಹೋಗದಂತೆ ಹಿಡಿದಿಟ್ಟುಕೊಳ್ಳಲು ಇದ್ದಿಲು ತುಂಬಿದ ಕ್ಯಾನಿಸ್ಟರ್ ಇರುತ್ತದೆ. ಇಂಜಿನ್ ಓಡುವಾಗ ಪರ್ಜ್ ವಾಲ್ವ್ ತೆರೆದು ಆ ಆವಿಯನ್ನು ಎಳೆದು ಉರಿಸುತ್ತದೆ. ವಾಲ್ವ್ ಬಿಚ್ಚಿ ಊದಿದೆ. ಕರೆಂಟ್ ಇಲ್ಲದಾಗ ಗಾಳಿ ದಾಟಬಾರದು, ದಾಟಲಿಲ್ಲ. ಕ್ಯಾನಿಸ್ಟರ್ ಬಿಚ್ಚಿದರೆ ಕೈಗೇ ಭಾರ, ಬಗ್ಗಿಸಿದರೆ ಪೆಟ್ರೋಲ್ ಹನಿ. ಬಂಕಿನಲ್ಲಿ ಗನ್ ತಾನೇ ಕಟ್ ಆದ ಮೇಲೂ "ರೌಂಡ್ ಫಿಗರ್ ಮಾಡ್ಲಾ ಸಾರ್?" ಅಂತ ಒತ್ತಿ ಒತ್ತಿ ತುಂಬಿಸಿದ್ದರ ಫಲ. ಆವಿಗೆಂದು ಇರುವ ಜಾಗಕ್ಕೆ ಪೆಟ್ರೋಲೇ ನುಗ್ಗಿ ಇದ್ದಿಲು ನೆನೆದುಹೋಗಿತ್ತು.

ಹೊಸ ಕ್ಯಾನಿಸ್ಟರ್ ಶಿವಮೊಗ್ಗದಿಂದ ತರಿಸಿದೆ. ವಾಷರಿನ ದುಡ್ಡು ಅದರ ಮುಂದೆ ಏನೂ ಅಲ್ಲ, ಬಿಲ್ ನೋಡಿ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. ಈಗ ಬಂಕಿನಲ್ಲಿ ಮೊದಲ ಕಟ್‌ಗೇ "ಸಾಕು" ಅನ್ನುತ್ತಾರಂತೆ, 1,987 ರೂಪಾಯಿ ಎಷ್ಟೋ ಪೈಸೆ ಬಂದರೆ ಅಷ್ಟನ್ನೇ ಫೋನಿನಲ್ಲಿ ಕಟ್ಟಿ ಹೊರಡುತ್ತಾರೆ.