ಮೀನು ಬಿಡುವ ಮೊದಲು ಟ್ಯಾಂಕ್ ಸೈಕಲ್: ಕರಾವಳಿಯ ಬಾವಿ ನೀರಿನಲ್ಲಿ ನನ್ನ ಅನುಭವ

ವಿಷವಾದ ಅಮೋನಿಯಾವನ್ನು ನೈಟ್ರೈಟ್, ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಸುವುದೇ ಸೈಕಲ್; ಮೀನು ಬಿಡುವ ಮೊದಲು ನಾವೇ ಅಮೋನಿಯಾ ಹಾಕಿ ಅದನ್ನು ಬೆಳೆಸುತ್ತೇವೆ. ಮಂಗಳೂರು, ಉಡುಪಿ ಕಡೆ ಹೊಸ ಅಕ್ವೇರಿಯಂ ಸೈಕಲ್ ಆಗದೆ ನಿಂತರೆ ನಾನು ಮೊದಲು ನೋಡುವುದು ಕೆಎಚ್ (ನೀರಿನ ಕಾರ್ಬೊನೇಟ್ ಗಡಸುತನ, ಅಳತೆ ಡಿಗ್ರಿಯಲ್ಲಿ). ಬಾಟಲಿ ಬ್ಯಾಕ್ಟೀರಿಯಾ ಆಮೇಲೆ. ಮುರಕಲ್ಲಿನ ನೆಲದ ಬಾವಿ ನೀರು ತೀರಾ ಮೆದು. ನಮ್ಮ ಬಾವಿಯಲ್ಲಿ ಕೆಎಚ್ 1, ಪಿಎಚ್ 6.2ರ ಆಸುಪಾಸು, ಮಳೆಗಾಲದಲ್ಲಿ ಇನ್ನೂ ಇಳಿಯುತ್ತದೆ. ಅಮೋನಿಯಾ ನೈಟ್ರೈಟ್ ಆಗುವಾಗ ಆಮ್ಲ ಹುಟ್ಟುತ್ತದೆ, ಅದನ್ನು ತಡೆದುಕೊಳ್ಳುವುದು ಕೆಎಚ್. 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಅಮೋನಿಯಾ ಪೂರ್ತಿ ನೈಟ್ರೈಟ್ ಆಗುವಷ್ಟರಲ್ಲಿ ಸುಮಾರು 0.6ರಿಂದ 0.7 ಡಿಗ್ರಿ ಕೆಎಚ್ ಖರ್ಚಾಗುತ್ತದೆ. ಹಾಗಾಗಿ ಎರಡನೇ ಡೋಸ್ ಅಮೋನಿಯಾ ಮುಗಿಯುವ ಮೊದಲೇ ಕೆಎಚ್ ಸೊನ್ನೆ. ಪಿಎಚ್ 6ಕ್ಕೆ ಕುಸಿದರೆ ಬ್ಯಾಕ್ಟೀರಿಯಾದ ಕೆಲಸ ಬಹುತೇಕ ನಿಲ್ಲುತ್ತದೆ.

ಮೂರಡಿ ಟ್ಯಾಂಕಿಗೆ ನೀರು ತುಂಬುವಾಗ ಬಕೆಟ್ ಲೆಕ್ಕ ಇಡಬೇಕು. ಗಾಜಿನ ಅಳತೆಯಿಂದ ಗುಣಿಸಿದರೆ ಜಲ್ಲಿಯೂ ಮೇಲೆ ಬಿಟ್ಟ ಜಾಗವೂ ಲೆಕ್ಕಕ್ಕೆ ಸೇರಿಬಿಡುತ್ತವೆ. ಇಲ್ಲಿ ಹೇಳುವುದೆಲ್ಲ ನಿಜವಾಗಿ ಸುರಿದ 100 ಲೀಟರ್ ನೀರಿಗೆ. ತುಂಬೆ ಅಣೆಕಟ್ಟಿನದ್ದಾಗಲಿ ಬಜೆ ಅಣೆಕಟ್ಟಿನದ್ದಾಗಲಿ, ನಲ್ಲಿ ನೀರಾದರೆ ಏರ್ ಸ್ಟೋನ್ ಹಾಕಿ ಒಂದು ದಿನ ಇಟ್ಟು ಕ್ಲೋರಿನ್ ಬಿಡಿಸಿ. ನಮ್ಮ ಸೆಕೆಗೆ ಹೀಟರ್ ಬೇಡ, 27–30 ಡಿಗ್ರಿ ಬ್ಯಾಕ್ಟೀರಿಯಾಕ್ಕೆ ಒಳ್ಳೆಯದೇ.

ಕೆಎಚ್ ಏರಿಸಲು ಅಡುಗೆ ಸೋಡಾ ಸಾಕು (ಬೇಕಿಂಗ್ ಪೌಡರ್ ಅಲ್ಲ). 6 ಗ್ರಾಂ ಹಾಕಿದರೆ 2 ಡಿಗ್ರಿ ಏರುತ್ತದೆ. ನಾನು 12 ಗ್ರಾಂ ಸೋಡಾವನ್ನು ಒಂದು ಮಗ್ ನೀರಿನಲ್ಲಿ ಕರಗಿಸಿ ಹಾಕುತ್ತೇನೆ, ಕೆಎಚ್ 5ಕ್ಕೆ ಬರುತ್ತದೆ. ಮುಂದೆಯೂ ಉಳಿಯಬೇಕಾದರೆ ಮರುವಾಯಿ (ಕಪ್ಪೆಚಿಪ್ಪು) ಚಿಪ್ಪು: ಮಾಂಸದ ಚೂರಿಲ್ಲದಂತೆ ಉಜ್ಜಿ, ಕುದಿಸಿ, ಒಣಗಿಸಿ, ಪುಡಿಗಟ್ಟಿ, ಬಲೆಚೀಲದಲ್ಲಿ ಫಿಲ್ಟರಿನೊಳಗೆ. ನೀರು ಆಮ್ಲವಾದಷ್ಟೂ ಅದು ಹೆಚ್ಚು ಕರಗುತ್ತದೆ. ಆದರೆ ನಿಧಾನ, ಸೈಕಲ್ ವೇಗಕ್ಕೆ ಅದೊಂದೇ ಸಾಲದು.

ಅಮೋನಿಯಾಕ್ಕೆ ಲ್ಯಾಬ್ ಗುಣಮಟ್ಟದ ಅಮೋನಿಯಂ ಕ್ಲೋರೈಡ್ ತೆಗೆದುಕೊಳ್ಳಿ. 6.3 ಗ್ರಾಂ ಪುಡಿಗೆ ಡಿಸ್ಟಿಲ್ಡ್ ವಾಟರ್ ಸೇರಿಸಿ 100 ಮಿಲಿ ಮಾಡಿಟ್ಟರೆ, ಅದರ 10 ಮಿಲಿ ಟ್ಯಾಂಕಿಗೆ 2 ಪಿಪಿಎಂ ಕೊಡುತ್ತದೆ. ಸಿಗಡಿ ಕೊಳೆಸುವ ದಾರಿ ನನಗೆ ಒಪ್ಪಿಗೆಯಿಲ್ಲ. ಎಷ್ಟು ಅಮೋನಿಯಾ ಬಂತೆಂದು ಅಳೆಯಲಾಗದು, ಮನೆಯೆಲ್ಲ ನಾತ. ಹಳೆ ಟ್ಯಾಂಕಿನ ಸ್ಪಂಜ್ ಹಿಂಡಿದ ನೀರು ಸಿಕ್ಕಿದರೆ ಖಂಡಿತ ಹಾಕಿ, ಆ ಟ್ಯಾಂಕಿನಲ್ಲಿ ರೋಗ ಇರಬಾರದು ಅಷ್ಟೆ.

ಅಮೋನಿಯಾ, ನೈಟ್ರೈಟ್, ಪಿಎಚ್ ದಿನ ಬಿಟ್ಟು ದಿನ. ಕೆಎಚ್ ವಾರಕ್ಕೆ ಎರಡು ಸಲ ಬರೆದಿಡಿ. ಕೆಎಚ್ ಕಿಟ್‌ನಲ್ಲಿ 5 ಮಿಲಿ ನೀರಿಗೆ ಒಂದೊಂದೇ ಹನಿ ಬಿಟ್ಟು ಕುಲುಕಬೇಕು. ನೀಲಿ ಹೋಗಿ ಹಳದಿ ನಿಂತ ಹನಿಯೇ ಉತ್ತರ, ಹನಿಗೊಂದು ಡಿಗ್ರಿ. ನಮ್ಮಂಥ ಮೆದು ನೀರಿಗೆ 10 ಮಿಲಿ ತೆಗೆದುಕೊಂಡರೆ ಹನಿಗೆ ಅರ್ಧ ಡಿಗ್ರಿ, ಲೆಕ್ಕ ನಿಖರ. ಕೆಎಚ್ 3ಕ್ಕಿಂತ ಇಳಿದರೆ ಮತ್ತೆ 6 ಗ್ರಾಂ ಸೋಡಾ.

ನೈಟ್ರೈಟ್ ಓದುವಾಗ ಎಚ್ಚರ ಬೇಕು. 2 ಪಿಪಿಎಂ ಅಮೋನಿಯಾದಿಂದ 5.4 ಪಿಪಿಎಂ ನೈಟ್ರೈಟ್ ಹುಟ್ಟುತ್ತದೆ. ಹಲವು ಕಿಟ್‌ಗಳ ಬಣ್ಣದ ಪಟ್ಟಿ 5ಕ್ಕೇ ಮುಗಿಯುವುದರಿಂದ ಆಮೇಲೆ 6 ಇದ್ದರೂ 20 ಇದ್ದರೂ ಒಂದೇ ನೇರಳೆ. 1 ಮಿಲಿ ಟ್ಯಾಂಕ್ ನೀರಿಗೆ 4 ಮಿಲಿ ಡಿಸ್ಟಿಲ್ಡ್ ವಾಟರ್ ಬೆರೆಸಿ ನೋಡಿ ಐದರಿಂದ ಗುಣಿಸಿ. ನೈಟ್ರೈಟ್ ಇರುವಷ್ಟು ದಿನ ನೈಟ್ರೇಟ್ ಕಿಟ್‌ನ ಅಂಕಿಯನ್ನು ನಂಬಬೇಡಿ, ಅದು ನೈಟ್ರೈಟನ್ನೂ ಸೇರಿಸಿ ತೋರಿಸುತ್ತದೆ.

ನೈಟ್ರೈಟ್ ವಾರಗಟ್ಟಲೆ ಇಳಿಯದಿದ್ದರೆ ಅಮೋನಿಯಾ ಹಾಕುವುದನ್ನು ನಿಲ್ಲಿಸಿ, ಅರ್ಧ ನೀರು ಬದಲಿಸಿ, ಕೆಎಚ್ ಸರಿಮಾಡಿ, ಒಂದು ಚಿಟಿಕೆ ಮೀನಿನ ಆಹಾರ ಉದುರಿಸಿ. ಬ್ಯಾಕ್ಟೀರಿಯಾಕ್ಕೆ ರಂಜಕವೂ ಬೇಕು, ನಮ್ಮ ಬಾವಿ ನೀರಿನಲ್ಲಿ ಅದು ಕಡಿಮೆಯಿರಬಹುದು. ಗುಡುಗು ಮಳೆಗೆ ಕರೆಂಟ್ ಗಂಟೆಗಟ್ಟಲೆ ಹೋದರೆ ಮುಚ್ಚಿದ ಕ್ಯಾನಿಸ್ಟರ್‌ನಲ್ಲಿ (ಟ್ಯಾಂಕಿನ ಹೊರಗಿಡುವ ಡಬ್ಬಿ ಫಿಲ್ಟರ್) ಆಮ್ಲಜನಕ ಮುಗಿಯುತ್ತದೆ. ಸ್ಪಂಜ್ ಹೊರತೆಗೆದು ಟ್ಯಾಂಕಿನಲ್ಲೇ ಇಟ್ಟು ಬ್ಯಾಟರಿ ಏರ್ ಪಂಪ್ ಓಡಿಸಿ.

2 ಪಿಪಿಎಂ ಹಾಕಿದ 24 ಗಂಟೆಯೊಳಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾದರೆ ಸೈಕಲ್ ಆಯಿತು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ನಂತರ ಶೇ. 80 ನೀರು ಬದಲಿಸಿ ನೈಟ್ರೇಟ್ 20ರ ಕೆಳಗೆ ತನ್ನಿ. ಹೊಸ ನೀರು ಬಾವಿಯದ್ದೇ ಆದ್ದರಿಂದ ಕೆಎಚ್ ಮತ್ತೆ ಅಳೆದು 3–4ಕ್ಕೆ ತಂದೇ ಮೀನು ಬಿಡಿ. ಮೀನು ತರುವುದು ತಡವಾದರೆ ದಿನ ಬಿಟ್ಟು ದಿನ 5 ಮಿಲಿ ದ್ರಾವಣ ಹಾಕುತ್ತಿರಿ.